ಕಣದಲ್ಲಿ ಉಳಿದ ಜೊಳ್ಳು

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ‘ನೌಕರಿ ಆತು’ ಅಂದರೆ ಸರ್ಕಾರಿ ನೌಕರಿ ಅಂತಲೇ ಅರ್ಥ. ಅದಕ್ಕಾಗಿ ಹೊಲದ ಮೇಲೆ ಸಾಲ ತೆಗೆದು ಮಕ್ಕಳನ್ನು ಧಾರವಾಡದ ಸಪ್ತಾಪುರದ ಕೋಚಿಂಗ್‌ಗೆ ಕಳಿಸುವ ಮನೆಗಳಿವೆ. ಕಳೆದ ಹದಿನಾಲ್ಕು ವರ್ಷಗಳ ನೇಮಕಾತಿ ಹಗರಣಗಳ ಲೆಕ್ಕವನ್ನು ಈ ಮನೆಗಳ ಕಟ್ಟೆಯ ಮೇಲೆ ಕೂತು ನೋಡಬೇಕು.

ಹಗರಣ ದೂರದ್ದೇನಲ್ಲ. ಆಗಸ್ಟ್ 2022ರ ಕೆಪಿಟಿಸಿಎಲ್ ಕಿರಿಯ ಸಹಾಯಕರ ಪರೀಕ್ಷೆಯಲ್ಲಿ ಗೋಕಾಕದ ಕೇಂದ್ರದಲ್ಲಿ ಅಭ್ಯರ್ಥಿಯೊಬ್ಬ ಸ್ಮಾರ್ಟ್ ವಾಚ್ ಬಳಸಿದ ಎಂದು ಶುರುವಾದ ತನಿಖೆ ಗದಗದ ಕಾಲೇಜೊಂದರ ಬಾಗಿಲಿಗೆ ಬಂದು ನಿಂತಿತು. ಪ್ರಶ್ನೆಪತ್ರಿಕೆಯ ಫೋಟೊ ಹೊರಬಿದ್ದದ್ದು ಅಲ್ಲಿಂದಲೇ ಎಂಬ ಆರೋಪದ ಮೇಲೆ ಬಂಧನಗಳಾದವು.

ನೇಮಕಾತಿ ಅಕ್ರಮದ ದೊಡ್ಡ ಪ್ರಕರಣಗಳು ಎರಡು. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಯನ್ನು ಸರ್ಕಾರ 2014ರಲ್ಲಿ ಕೈಬಿಟ್ಟಿತು. 2018ರಲ್ಲಿ ಹೈಕೋರ್ಟೂ ಆ ಆಯ್ಕೆಯನ್ನು ಒಪ್ಪಲಿಲ್ಲ. 2022ರಲ್ಲಿ ವಿಧಾನಮಂಡಲ ಕಾಯ್ದೆ ತಂದು ಅದೇ ಪಟ್ಟಿಯನ್ನು ಸಿಂಧುಗೊಳಿಸಿತು. ಇನ್ನು 545 ಪಿಎಸ್‌ಐ ಹುದ್ದೆ. 3 ಅಕ್ಟೋಬರ್ 2021ರ ಪರೀಕ್ಷೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. 10 ನವೆಂಬರ್ 2023ರಂದು ಹೈಕೋರ್ಟ್ ರದ್ದತಿಯನ್ನು ಎತ್ತಿಹಿಡಿಯಿತು. ಮರುಪರೀಕ್ಷೆ ನಡೆದದ್ದು ಜನವರಿ 2024ರಲ್ಲಿ. ಒಂದರಲ್ಲಿ ಪಟ್ಟಿಯನ್ನು ಇಡಿಯಾಗಿ ಉಳಿಸಿಕೊಂಡರು, ಇನ್ನೊಂದರಲ್ಲಿ ಇಡಿಯಾಗಿ ಚೆಲ್ಲಿದರು. ಜೊಳ್ಳು ಬೇರ್ಪಡಿಸಿ ತೂರುವ ಕೆಲಸವನ್ನು ಮಾತ್ರ ಎರಡರಲ್ಲೂ ಹೊತ್ತಿಗೆ ಸರಿಯಾಗಿ ಮಾಡಲಿಲ್ಲ.

ಹಾಗೆಂದು ಕಾನೂನು ಕುರುಡಾಗಿಲ್ಲ, ತಪ್ಪಿನ ತೂಕ ಅದಕ್ಕೆ ಗೊತ್ತಿದೆ. ಕರ್ನಾಟಕದ 1957ರ ಶಿಸ್ತು ನಿಯಮಗಳ ಪ್ರಕಾರ ದುರ್ನಡತೆಗೆ ‘ಸೇವೆಯಿಂದ ತೆಗೆದುಹಾಕುವಿಕೆ’ಗೆ ಒಳಗಾದವರಿಗೆ ಮುಂದಿನ ಸರ್ಕಾರಿ ಕೆಲಸದ ಬಾಗಿಲು ಮುಚ್ಚುವುದಿಲ್ಲ, ‘ವಜಾ’ ಆದವರಿಗೆ ಸಾಮಾನ್ಯವಾಗಿ ಮುಚ್ಚುತ್ತದೆ. ಅರ್ಜಿಯಲ್ಲಿ ಬಚ್ಚಿಟ್ಟದ್ದರ ಬಗ್ಗೆ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ದಾರಿ ತೋರಿದೆ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮರೆಮಾಚಿದ್ದರೆ ಕ್ಷಮಿಸಬಹುದು. ಹಲವು ಪ್ರಕರಣಗಳನ್ನು ಬೇಕೆಂದೇ ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ನೇಮಕ ರದ್ದತಿಗೆ ಕಾರಣವಾಗಬಹುದು. ನಿಜ ಹೇಳಿದ ಮಾತ್ರಕ್ಕೆ ನೇಮಿಸಲೇಬೇಕೆಂದೂ ಇಲ್ಲ. ಸುಳ್ಳು ಜಾತಿ ಪ್ರಮಾಣಪತ್ರದಿಂದ ಪಡೆದ ಕೆಲಸಕ್ಕೆ ಎಷ್ಟು ವರ್ಷ ದುಡಿದೆ ಎಂಬುದು ರಕ್ಷಣೆಯಾಗದು ಎಂದು 2017ರಲ್ಲಿ ಅದೇ ನ್ಯಾಯಾಲಯ ಹೇಳಿತು.

2023ರಲ್ಲಿ ರಾಜ್ಯವೂ ಪರೀಕ್ಷಾ ಅಕ್ರಮ ತಡೆಗೆ ಕಾಯ್ದೆ ತಂದಿತು. ದಂಡ 10 ಕೋಟಿ ರೂಪಾಯಿವರೆಗೆ ಏರಬಹುದು. ಮೊತ್ತ ಕೇಳಲು ಚೆನ್ನಾಗಿದೆ. ಆದರೆ ಈ ಹದಿನಾಲ್ಕು ವರ್ಷಗಳಲ್ಲಿ ನಾವು ಸೋತದ್ದು ಶಿಕ್ಷೆಯ ಪ್ರಮಾಣದಲ್ಲಲ್ಲ, ಸಮಯದಲ್ಲಿ. ಆರೋಪಪಟ್ಟಿ, ಇಲಾಖಾ ವಿಚಾರಣೆ, ಜಾತಿ ಪ್ರಮಾಣಪತ್ರದ ಸಿಂಧುತ್ವ ಪರಿಶೀಲನೆಗಳಿಗೆ ಗಡುವು ಇಟ್ಟು ಅದನ್ನು ಪಾಲಿಸದಿದ್ದರೆ ಎಷ್ಟೇ ದೊಡ್ಡ ದಂಡವೂ ಕಾಗದದ ಮೇಲಿನ ಅಂಕಿಯಷ್ಟೇ.

ರಾಶಿಯ ಹೊತ್ತಿಗೆ ಗಾಳಿ ನೋಡಿ ತೂರುವುದು ನಮ್ಮ ರೈತನಿಗೆ ಗೊತ್ತು. ಜೊಳ್ಳು ಕಂಡಿತೆಂದು ಅವನು ಕಣಕ್ಕೆ ಬೆಂಕಿ ಇಡುವುದಿಲ್ಲ, ಜೊಳ್ಳಿನ ಸಮೇತ ಚೀಲವನ್ನೂ ಹೊಲಿಯುವುದಿಲ್ಲ. 2021ರಲ್ಲಿ ಪ್ರಾಮಾಣಿಕವಾಗಿ ಪಿಎಸ್‌ಐ ಪರೀಕ್ಷೆ ಬರೆದವರು 2024ರಲ್ಲಿ ಅದನ್ನೇ ಮತ್ತೆ ಬರೆದರು. ನಡುವಿನ ಆ ಇಪ್ಪತ್ತೇಳು ತಿಂಗಳ ಕೋಚಿಂಗ್ ಸಾಲದ ಬಡ್ಡಿ ಯಾವ ಆರೋಪಪಟ್ಟಿಯಲ್ಲೂ ನಮೂದಾಗಿಲ್ಲ.