ಕಾಯಿ ಬಿಡಿಸುವ ಮೊದಲೇ ಬೆಲೆ ಹೇಳಿ

ಕರ್ನಾಟಕ ಸರ್ಕಾರದ ಕೃಷಿ ಮಾರುಕಟ್ಟೆ ಸಚಿವರಿಗೆ,



ಶೀಗಿ ಹುಣ್ಣಿಮೆ ಮುಗಿದಿದೆ. ಹೊಲಕ್ಕೆ ಚರಗ ಚೆಲ್ಲಿ ಬಂದ ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಸೀಮೆಯ ಮನೆಗಳಲ್ಲಿ ಈಗ ಗೋವಿನಜೋಳ ಮುರಿಯುವ ಕೆಲಸ. ರಾಶಿ ಅಂಗಳಕ್ಕೆ, ರಸ್ತೆಯ ಅಂಚಿಗೆ, ಗುಡಿಯ ಕಟ್ಟೆಗೆ ಬಂದು ಬಿದ್ದಿದೆ. ಮೋಡ ಕವಿದರೆ ಶಾಲೆಗೆ ಹೊರಟ ಮಕ್ಕಳೂ ಸೇರಿ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡುತ್ತಾರೆ. ಮೆಣಸಿನ ಗಿಡ ಇನ್ನೂ ಹೊಲದಲ್ಲಿದೆ. ಕಾಯಿ ಕೆಂಪೇರಿ ಕಣಕ್ಕೆ ಬರುವುದಕ್ಕೆ ಇನ್ನೂ ಸಮಯವಿದೆ. ಅಷ್ಟರೊಳಗೆ ನೀವು ಮಾಡಲೇಬೇಕಾದ ಕೆಲಸವೊಂದಿದೆ. ಅದನ್ನು ಕೇಳಲು ಈ ಪತ್ರ.

ಮೊದಲು ಗೋವಿನಜೋಳದ ಮಾತು. 2025-26ರ ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯಲ್ಲಿ ರೈತನ ಕೈಗೆ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಕಾಳು ಕಣದಲ್ಲಿರುವಾಗ ಖರೀದಿ ಕೇಂದ್ರದ ಬಾಗಿಲು ತೆರೆದಿಲ್ಲವೆಂದರೆ ಆ ಬೆಲೆ ಇದ್ದೂ ಇಲ್ಲದ ಹಾಗೆ. ಎರಡೆಕರೆಯವನಿಗೆ ಕಾಯುವ ಶಕ್ತಿ ಎಲ್ಲಿದೆ? ಬೀಜ-ಗೊಬ್ಬರದ ಉದ್ರಿ ತೀರಬೇಕು, ದೀಪಾವಳಿಗೆ ಮನೆಗೆ ಬಂದ ಮಗಳಿಗೆ ಸೀರೆ ಉಡಿಸಬೇಕು. ಅವನು ಸಿಕ್ಕ ಬೆಲೆಗೆ ಮಾರುತ್ತಾನೆ.

ಮೆಣಸಿನಕಾಯಿಗೆ ಕಾಗದದ ಮೇಲಿನ ಆ ಬೆಲೆಯೂ ಇಲ್ಲ. ಬೆಂಬಲ ಬೆಲೆಯ ಬೆಳೆಗಳ ಪಟ್ಟಿಯಲ್ಲೇ ಅದರ ಹೆಸರಿಲ್ಲ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಈ ಕಾಯಿಯ ಓಲಿಯೋರೆಸಿನ್ ಊಟದ ಪದಾರ್ಥಗಳಿಗೂ ತುಟಿಯ ಬಣ್ಣಕ್ಕೂ ಹೋಗುತ್ತದೆ. ಇಷ್ಟು ಹೆಸರು ಮಾಡಿದ ಬೆಳೆಯನ್ನು ಬೆಳೆದವನಿಗೆ ಟೆಂಡರಿನ ದಿನದವರೆಗೂ ತನ್ನ ಚೀಲದ ಬೆಲೆ ಗೊತ್ತಿರುವುದಿಲ್ಲ.

ನಮ್ಮ ಹಿರಿಯರು ಈ ಅಪಾಯವನ್ನು ಅರಿತಿದ್ದರು. ಕಪ್ಪು ಭೂಮಿಯಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮೂರನ್ನೂ ಕೂಡಿಸಿ ಬೆಳೆಯುತ್ತಿದ್ದರು. ಉಳ್ಳಾಗಡ್ಡಿ ಮೊದಲು ಕಿತ್ತು ಬರುತ್ತಿತ್ತು, ಆಮೇಲೆ ಕಾಯಿ, ಕಡೆಗೆ ಜಯಧರ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಮನೆ ನಡೆಸುತ್ತಿತ್ತು. ಆಮೇಲೆ ಹೈಬ್ರಿಡ್ ಬೀಜ, ಕೊಳವೆಬಾವಿ, ವಾರ ವಾರ ಔಷಧಿ ಬಂದವು. ಇಳುವರಿ ಹೆಚ್ಚಿತು, ಖರ್ಚು ಅದಕ್ಕಿಂತ ಹೆಚ್ಚಿತು. ಮುಟುರು ರೋಗ ಇದ್ದೇ ಇತ್ತು. 2021-22ರಲ್ಲಿ ಕಪ್ಪು ನುಸಿ ಬಂದು ಹೂವನ್ನೇ ತಿಂದು ಹಾಕಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ನಿಮ್ಮ ಸರ್ಕಾರವೇ ಘೋಷಿಸಿತು. ಆ ಬರದಲ್ಲಿ ಗಿಡ ಉಳಿಸಿಕೊಂಡವರು 2024ರ ಮಾರ್ಚಿನಲ್ಲಿ ಬ್ಯಾಡಗಿಯ ಎಪಿಎಂಸಿಗೆ ಚೀಲ ಹೊತ್ತು ಬಂದರು.

ಮಾರ್ಚ್ 11, ಸೋಮವಾರ. ಬಳ್ಳಾರಿ, ರಾಯಚೂರು ಕಡೆಯಿಂದಲೂ ಆಂಧ್ರದಿಂದಲೂ ಲಾರಿಗಟ್ಟಲೆ ಕಾಯಿ ಬಂದಿತ್ತು. ದರ ಏಕಾಏಕಿ ಕುಸಿಯಿತು. ಮಾರುಕಟ್ಟೆಯ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಉರಿದವು. ಬೆಂಕಿ ಹಚ್ಚಿದ್ದು ತಪ್ಪು, ಅದನ್ನು ಯಾರೂ ಸಮರ್ಥಿಸಬಾರದು. ಆದರೆ ಆ ದಿನದ ಮೊಕದ್ದಮೆಗಳ ಜೊತೆಗೆ ಒಂದು ಪ್ರಶ್ನೆಯನ್ನೂ ಸರ್ಕಾರ ತನಗೆ ತಾನೇ ಹಾಕಿಕೊಳ್ಳಬೇಕಿತ್ತು. ಅಷ್ಟು ಕಾಯಿ ಬರುತ್ತದೆಂದು, ದರ ಇಳಿಯುತ್ತದೆಂದು ಬೆಳೆದವನಿಗೆ ಮೊದಲೇ ಹೇಳಬೇಕಾದವರು ಯಾರು?

ಹಾವೇರಿಗೆ ಇದು ಹೊಸದಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಲು ನಿಂತ ರೈತರ ಮೇಲೆ ಇದೇ ಊರಿನಲ್ಲಿ ಗೋಲಿಬಾರ್ ನಡೆದು ಪ್ರಾಣ ಹೋಯಿತು. ಗೊಬ್ಬರ ಸಾಲದೆಂಬುದು ಅಂದೂ ಬಿತ್ತನೆಗೆ ಮುಂಚೆಯೇ ತಿಳಿಯಬಹುದಾಗಿದ್ದ ಸಂಗತಿ. ಜನ ಬೀದಿಗೆ ಬಂದ ಮೇಲೆ ಕಣ್ಣು ತೆರೆಯುವುದು ಆಡಳಿತವಲ್ಲ.

ಬ್ಯಾಡಗಿಯ ಸುತ್ತ ಎಷ್ಟೋ ಕೋಲ್ಡ್ ಸ್ಟೋರೇಜ್‌ಗಳಿವೆ. ಹಿಂದಿನ ವರ್ಷದ ಕಾಯಿ ಎಷ್ಟು ಉಳಿದಿದೆ ಎಂಬ ಅಂದಾಜು ದೊಡ್ಡ ಖರೀದಿದಾರರಿಗಿರುತ್ತದೆ. ಸಸಿ ಹಚ್ಚುವವನಿಗೆ ಅದು ತಿಳಿಯುವುದಿಲ್ಲ. ಒಬ್ಬನಿಗೆ ಲೆಕ್ಕ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ವ್ಯಾಪಾರದಲ್ಲಿ ನಷ್ಟ ಯಾರ ಪಾಲಿಗೆಂದು ಹೇಳಬೇಕಾಗಿಲ್ಲ. ಈ ದಾಸ್ತಾನಿನ ಲೆಕ್ಕವನ್ನು ಪ್ರತಿ ವಾರ ಎಪಿಎಂಸಿಯ ಫಲಕದ ಮೇಲೆ ಬರೆಸಿ, ಮೊಬೈಲಿಗೂ ಕಳಿಸಿ. ಬಿತ್ತನೆಗೆ ಮುಂಚೆ ಗ್ರಾಮ ಪಂಚಾಯಿತಿಗಳಲ್ಲಿ ಓದಿ ಹೇಳಿಸಿ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಡ, ಒಂದು ಆದೇಶ ಸಾಕು.

ಬೆಲೆಯ ವಿಷಯಕ್ಕೂ ದಾರಿಯಿದೆ. 2025ರ ಫೆಬ್ರವರಿಯಲ್ಲಿ ಕೇಂದ್ರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಆಂಧ್ರದ ಮೆಣಸಿನಕಾಯಿಗೆ ಕ್ವಿಂಟಲಿಗೆ 11,781 ರೂಪಾಯಿ ನಿಗದಿಮಾಡಿ, 2.91 ಲಕ್ಷ ಟನ್ನಿನವರೆಗೆ ಬೆಲೆ ವ್ಯತ್ಯಾಸ ತುಂಬಲು ಒಪ್ಪಿತು. ಆದರೆ ಅದೂ ಕಾಯಿ ಪೇಟೆ ತುಂಬಿ, ದರ ಬಿದ್ದು, ಕೂಗು ಎದ್ದ ಮೇಲೆಯೇ. ನೀವು ಅಲ್ಲಿಯವರೆಗೆ ಕಾಯಬೇಡಿ. ಪ್ರಸ್ತಾವನೆಯನ್ನು ಕಾಯಿ ಇನ್ನೂ ಗಿಡದಲ್ಲಿರುವಾಗಲೇ ದೆಹಲಿಗೆ ಕಳಿಸಿ. ಬ್ಯಾಡಗಿಯ ಕಡ್ಡಿ, ಡಬ್ಬಿ ತಳಿಗಳಿಗೂ ಗುಂಟೂರು ತಳಿಗೂ ಒಂದೇ ದರ ಹಚ್ಚಬೇಡಿ, ಖರ್ಚೂ ಇಳುವರಿಯೂ ಬೇರೆ ಬೇರೆ.

ಇನ್ನೊಂದು ಮಾತು ಹೆಂಗಸರ ಬಗ್ಗೆ. ಕಾಯಿ ಬಿಡಿಸುವವರು, ಸೆಗಣಿ ಸಾರಿಸಿದ ಕಣದಲ್ಲಿ ಒಣಹಾಕುವವರು, ಬಿಳುಪಾದ ಕಾಯಿ ಆರಿಸುವವರು, ಪೇಟೆಯಲ್ಲಿ ಘಾಟಿಗೆ ಕೆಮ್ಮುತ್ತ ತೊಟ್ಟು ಬಿಡಿಸುವವರು ಅವರೇ. ಅಕಾಲದ ಮಳೆಗೆ ನೆನೆದ ಕಾಯಿಯನ್ನು ರಾತ್ರಿಯೆಲ್ಲ ಪಡಸಾಲೆಯಲ್ಲಿ ಹರವಿ ಕೂರುವವರೂ ಅವರೇ. ಟೆಂಡರಿನಲ್ಲಿ ಹಸಿಯೆಂದು ಆ ಕಾಯಿಯ ದರ ಇಳಿಯುತ್ತದೆ. ಪ್ರತಿ ಊರಿಗೆ ಒಂದು ಸಿಮೆಂಟಿನ ಕಣ, ಮೇಲೊಂದು ಸೂರು ಕೊಟ್ಟರೆ ಅವರ ಅರ್ಧ ದುಡಿಮೆ ಉಳಿಯುತ್ತದೆ.

ನಾವು ಕೇಳುತ್ತಿರುವುದು ಸಾಲ ಮನ್ನಾ ಅಲ್ಲ, ಸುಗ್ಗಿ ಮುಗಿದ ಮೇಲಿನ ಪರಿಹಾರವೂ ಅಲ್ಲ. ಗೋವಿನಜೋಳದ ಖರೀದಿ ಕೇಂದ್ರಗಳನ್ನು ಈಗಲೇ ತೆರೆಯಿರಿ. ದಾಸ್ತಾನಿನ ಲೆಕ್ಕವನ್ನು ಬಹಿರಂಗಮಾಡಿ. ಮೆಣಸಿನಕಾಯಿಗೆ ಕನಿಷ್ಠ ದರವನ್ನು ಎಳ್ಳ ಅಮಾವಾಸ್ಯೆಯೊಳಗೆ ಬ್ಯಾಡಗಿಗೇ ಬಂದು, ಎಪಿಎಂಸಿಯ ಪ್ರಾಂಗಣದಲ್ಲೇ ನಿಂತು ಘೋಷಿಸಿ.