ಶ್ರೀರಂಗಪಟ್ಟಣದ ಕಲ್ಲಿನಲ್ಲಿ ಯಾರ ಹೆಸರಿದೆ?

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ದೇವಾಲಯವನ್ನು ನೋಡುತ್ತಾರೆ, ದರಿಯಾ ದೌಲತ್ತನ್ನು ನೋಡುತ್ತಾರೆ, ಗುಂಬಜ್‌ಗೆ ಹೋಗುತ್ತಾರೆ. ಕೋಟೆಯ ಪಶ್ಚಿಮಕ್ಕೆ, 1799ರಲ್ಲಿ ಗೋಡೆ ಒಡೆದ ಜಾಗದ ಬಳಿ ನಿಂತಿರುವ ಕಲ್ಲಿನ ಸ್ತಂಭದ ಕಡೆಗೆ ಹೋಗುವವರು ಕಡಿಮೆ. ನಾಲ್ಕು ಮುಖಗಳುಳ್ಳ, ಮೇಲೇರುತ್ತಾ ಕಿರಿದಾಗುವ ಈ ಸ್ತಂಭವನ್ನು ಓಬೆಲಿಸ್ಕ್ ಎನ್ನುತ್ತಾರೆ. ಈಜಿಪ್ಟಿನ ಫರೋಹರು ತಮ್ಮ ದೇಗುಲಗಳ ಮುಂದೆ ನಿಲ್ಲಿಸುತ್ತಿದ್ದ ಆಕಾರವಿದು. ಯುರೋಪಿನವರು ಅದನ್ನು ವಿಜಯಸ್ತಂಭವಾಗಿಸಿಕೊಂಡರು, ಅವರಿಂದ ಅದು ಕಾವೇರಿಯ ದಂಡೆಗೂ ಬಂದಿತು. ಅದನ್ನು ನಿಲ್ಲಿಸಿದವರು ಮಾತ್ರ ಬ್ರಿಟಿಷರಲ್ಲ. 1907ರಲ್ಲಿ ಮೈಸೂರು ಸರಕಾರವು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಟ್ಟಿಸಿದ ಸ್ಮಾರಕವಿದು. ಜನರಲ್ ಹ್ಯಾರಿಸ್‌ನ ಸೇನೆ ಮುತ್ತಿಗೆ ಹಾಕಿ 1799ರ ಮೇ 4ರಂದು ಕೋಟೆಯನ್ನು ವಶಪಡಿಸಿಕೊಂಡುದರ ನೆನಪಿಗೆ ಹಾಗೂ ಆ ಕಾರ್ಯಾಚರಣೆಯಲ್ಲಿ ಮಡಿದ ಅಧಿಕಾರಿಗಳ ಗೌರವಕ್ಕೆ ಎಂದು ಅದರ ಮೇಲೆ ಕೆತ್ತಲಾಗಿದೆ. ಆ ಅಧಿಕಾರಿಗಳ ಹೆಸರುಗಳೂ ಅಲ್ಲಿವೆ.

ಈ ಹೆಸರುಗಳ ಬಗ್ಗೆಯೇ ನಾವು ಇಲ್ಲಿ ಮಾತಾಡಬಯಸುತ್ತೇವೆ. ಹ್ಯಾರಿಸ್‌ನ ಸೇನೆಯಲ್ಲಿ ಬಿಳಿಯರಿಗಿಂತ ಈ ನೆಲದ ಸಿಪಾಯಿಗಳೇ ಹೆಚ್ಚಾಗಿದ್ದರು. ಜೊತೆಗೆ ಹೈದರಾಬಾದಿನ ನಿಜಾಮನ ದಂಡೂ ಇತ್ತು. ಅಂದರೆ ಮುತ್ತಿಗೆ ಹಾಕಿದವರಲ್ಲಿ ಮುಸ್ಲಿಮರೂ ಇದ್ದರು, ಒಳಗೆ ನಿಂತು ಎದುರಿಸಿದವರಲ್ಲಿ ಹಿಂದೂಗಳೂ ಇದ್ದರು. ಅದನ್ನೊಂದು ಧರ್ಮಯುದ್ಧವೆಂದು ಬಣ್ಣಿಸುವ ಎರಡೂ ಕಡೆಯವರು ಇದನ್ನು ಮರೆಯುತ್ತಾರೆ. ಕಂಪೆನಿಯ ಪರವಾಗಿ ಸತ್ತ ಸಿಪಾಯಿಯ ಹೆಸರು ಆ ಕಲ್ಲಿನ ಮೇಲಿಲ್ಲ. ಕೋಟೆಯನ್ನು ಕಾಯುತ್ತಾ ಸತ್ತವನ ಹೆಸರಂತೂ ಇಲ್ಲವೇ ಇಲ್ಲ. ಗೆದ್ದವರ ಕಲ್ಲಿನಲ್ಲಿ ಸೋತವರ ಹೆಸರನ್ನು ಹುಡುಕುವುದು ಮೂರ್ಖತನವೆಂದು ಯಾರಾದರೂ ಹೇಳಿಯಾರು. ಹಾಗಾದರೆ ಸೋತವರ ಕಲ್ಲು ಎಲ್ಲಿದೆ?

ಇದೆ, ಒಂದು ಚಿಕ್ಕ ಕಲ್ಲಿದೆ. ಟಿಪ್ಪು ಸುಲ್ತಾನರ ದೇಹ ಇಲ್ಲಿ ಸಿಕ್ಕಿತು ಎಂದಷ್ಟೇ ಅದು ಹೇಳುತ್ತದೆ. ಕಳೆದುಹೋದ ವಸ್ತುವೊಂದು ಸಿಕ್ಕಿದ ಧಾಟಿಯಲ್ಲಿ! ಅವರು ಹೇಗೆ ಸತ್ತರು, ಯಾರೊಡನೆ ಸತ್ತರು ಎಂಬ ಒಂದು ಮಾತೂ ಅಲ್ಲಿಲ್ಲ. ಆ ದಿನ ಮಧ್ಯಾಹ್ನ, ದಾಳಿ ಆರಂಭವಾಗುವ ಮುನ್ನವೇ ಸುಲ್ತಾನರ ನಿಷ್ಠಾವಂತ ಸರದಾರ ಸೈಯದ್ ಗಫಾರ್ ಫಿರಂಗಿ ಗುಂಡಿಗೆ ಬಲಿಯಾದರು. ಸುದ್ದಿ ಕೇಳಿ ಊಟವನ್ನು ಅರ್ಧಕ್ಕೆ ಬಿಟ್ಟು ಹೊರಟ ಸುಲ್ತಾನರು ಮತ್ತೆ ಅರಮನೆಗೆ ಮರಳಲಿಲ್ಲ. ಕತ್ತಲಾದ ಮೇಲೆ ಬ್ರಿಟಿಷರು ದೀಪ ಹಿಡಿದು ಹೆಬ್ಬಾಗಿಲಿನ ಕಮಾನಿನಡಿ ಹುಡುಕಿದಾಗ ಅವರ ದೇಹ ಸಿಕ್ಕಿದ್ದು ಹೆಣಗಳ ರಾಶಿಯ ಅಡಿಯಲ್ಲಿ. ಆ ರಾಶಿಯಲ್ಲಿದ್ದವರು ಯಾರು? ಅವರೂ ಅದೇ ಬಾಗಿಲಲ್ಲಿ, ಅದೇ ಗಳಿಗೆಯಲ್ಲಿ, ಓಡಿ ಹೋಗದೆ ಸತ್ತವರಲ್ಲವೇ? ಅಂದು ಕೋಟೆಯೊಳಗೆ ಸತ್ತವರ ಸಂಖ್ಯೆಯನ್ನು ಗೆದ್ದವರ ಇತಿಹಾಸಕಾರರೇ ಸಾವಿರಗಳಲ್ಲಿ ಲೆಕ್ಕ ಹಾಕಿದ್ದಾರೆ. ಅವರಿಗೆ ಒಂದು ಗೆರೆಯಷ್ಟೂ ಬರಹವಿಲ್ಲ.

ಗೆದ್ದವರು ತಮ್ಮ ಕಡೆಯವರಿಗಾಗಿ ಏನೆಲ್ಲ ಮಾಡಿದರೆಂಬುದನ್ನು ನೋಡಿ ಕಲಿಯುವುದಿದೆ. ಗುಂಬಜ್‌ನ ಸಮೀಪದಲ್ಲೇ ಕರ್ನಲ್ ಬೇಲಿಯ ಸ್ಮಾರಕವಿದೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪು ಅವರ ಕೈಯಲ್ಲಿ ಹೀನಾಯವಾಗಿ ಸೋತು, ಸೆರೆಯಾಗಿ, 1782ರಲ್ಲಿ ಇದೇ ಊರಿನಲ್ಲಿ ಸತ್ತವನು ಬೇಲಿ. ಅವನ ಸೋಲಿನ ಚಿತ್ರವನ್ನು ದರಿಯಾ ದೌಲತ್ತಿನ ಗೋಡೆಯ ಮೇಲೆ ಇಂದಿಗೂ ನೋಡಬಹುದು. ಸತ್ತು 34 ವರ್ಷಗಳಾದ ಬಳಿಕ, 1816ರಲ್ಲಿ, ಲಕ್ನೋದಲ್ಲಿ ರೆಸಿಡೆಂಟನಾಗಿದ್ದ ಅವನ ಬಂಧುವೊಬ್ಬ ಈ ಸ್ಮಾರಕವನ್ನು ಕಟ್ಟಿಸಿದ. ಸೋತು ಸೆರೆಯಲ್ಲಿ ಸತ್ತವನಿಗೂ ನೆನೆಯುವ ಒಬ್ಬ ಬಂಧುವಿದ್ದ. ಸೈಯದ್ ಗಫಾರ್‌ಗೆ ಇಷ್ಟು ದೊಡ್ಡ ಸಮುದಾಯವಿದ್ದೂ ಅಂಥ ಬಂಧು ಹುಟ್ಟಲಿಲ್ಲ.

ಇದಕ್ಕಾಗಿ ನಾಲ್ವಡಿಯವರನ್ನು ದೂರುವುದರಲ್ಲಿ ಅರ್ಥವಿಲ್ಲ. ಬ್ರಿಟಿಷ್ ರೆಸಿಡೆಂಟನ ನೆರಳಿನಲ್ಲಿ ಆಳುತ್ತಿದ್ದ ಸಂಸ್ಥಾನದಿಂದ 1907ರಲ್ಲಿ ಬೇರೇನನ್ನೂ ನಿರೀಕ್ಷಿಸುವಂತಿರಲಿಲ್ಲ. ಮುಂದೆ ಮಿಲ್ಲರ್ ಸಮಿತಿಯನ್ನು ನೇಮಿಸಿ, ಮುಸ್ಲಿಮರೂ ಸೇರಿದಂತೆ ಹಿಂದುಳಿದವರಿಗೆ ಸರಕಾರಿ ಉದ್ಯೋಗದ ಬಾಗಿಲು ತೆರೆದವರೂ ಅವರೇ. ನಮ್ಮ ದೂರು ನಮ್ಮ ಮೇಲೆಯೇ ಇದೆ.

ಗುಂಬಜ್‌ನ್ನೇ ನೋಡೋಣ. ಟಿಪ್ಪು ಸುಲ್ತಾನರು ತಮ್ಮ ತಂದೆಗಾಗಿ ಕಟ್ಟಿಸಿದ ಕಟ್ಟಡವದು. ಸುತ್ತಲಿನ ಮೊಗಸಾಲೆಯಲ್ಲಿ ಕನ್ನಡಿಯಂತೆ ಹೊಳೆಯುವ ಕಪ್ಪು ಶಿಲೆಯ ಕಂಬಗಳು, ಒಳಗೋಡೆಯ ಮೇಲೆ ಹುಲಿಪಟ್ಟೆಯ ಬಣ್ಣ, ಲಾರ್ಡ್ ಡಾಲ್‌ಹೌಸಿ ಕೊಟ್ಟ ದಂತದ ಕುಸುರಿಯ ಬಾಗಿಲುಗಳು, ಪಾರ್ಸಿ ಪದ್ಯಗಳು. ಹೊರಗಿನ ಜಗಲಿಯ ಮೇಲೆ ಸಾಲುಸಾಲಾಗಿ ಗೋರಿಗಳಿವೆ. ಆ ಪಾರ್ಸಿಯನ್ನು ಓದಿ ಮಕ್ಕಳಿಗೆ ಅರ್ಥ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ನಾವು ಅಲ್ಲಿಗೆ ಚಾದರ ಹೊತ್ತು ಹೋಗುತ್ತೇವೆ, ಊದುಬತ್ತಿ ಹಚ್ಚುತ್ತೇವೆ, ಹರಕೆ ಕಟ್ಟಿಕೊಳ್ಳುತ್ತೇವೆ, ಉರೂಸ್ ನಡೆಸುತ್ತೇವೆ. ದಾಸ್ಯಕ್ಕಿಂತ ಸಾವೇ ಮೇಲೆಂದು ಆರಿಸಿಕೊಂಡ ವ್ಯಕ್ತಿಯನ್ನು ಸಂತಾನ ಕೊಡುವ, ರೋಗ ವಾಸಿ ಮಾಡುವ ಬಾಬಾ ಆಗಿಸಿಬಿಟ್ಟಿದ್ದೇವೆ. ಬೆಂಗಳೂರಿನ ಕೋಟೆಯನ್ನು ಕಾಯುತ್ತಾ 1791ರ ಮಾರ್ಚ್‌ನಲ್ಲಿ ಮಡಿದ ಕಿಲ್ಲೇದಾರ ಬಹದ್ದೂರ್ ಖಾನ್ ಅವರ ಗೋರಿಯೆಂದು ನಂಬಲಾಗುವ ದರ್ಗಾ ಕೃಷ್ಣರಾಜ ಮಾರುಕಟ್ಟೆಯ ಬಳಿಯಿದೆ. ಅಲ್ಲಿ ಸಕ್ಕರೆ ಹಂಚುವವರಲ್ಲಿ ಎಷ್ಟು ಮಂದಿಗೆ ಅದು ಯೋಧನೊಬ್ಬನ ಗೋರಿಯೆಂದು ತಿಳಿದಿದೆ?

ಇಸ್ಲಾಮ್ ಹುತಾತ್ಮರನ್ನು ಮರೆಯಲು ಕಲಿಸಿಲ್ಲ. ಗೋರಿಯ ಮೇಲೆ ಕಟ್ಟಡ ಕಟ್ಟುವುದನ್ನು ಪ್ರವಾದಿ ಮುಹಮ್ಮದ್(ಸ)ರು ತಡೆದಿದ್ದಾರೆ, ನಿಜ. ಆದರೆ ಉಹುದ್‌ನಲ್ಲಿ ಮಡಿದವರಿಗಾಗಿ ಎಂಟು ವರ್ಷಗಳ ಬಳಿಕವೂ ಅವರು ಪ್ರಾರ್ಥಿಸಿದ್ದರು. ಅವರಿಗಾಗಿ ಅಲ್ಲಾಹನಲ್ಲಿ ಬೇಡಿದರೇ ಹೊರತು ಅವರಲ್ಲಿ ಬೇಡಲಿಲ್ಲ. ಬದ್ರ್‌ನಲ್ಲಿ ಹುತಾತ್ಮರಾದ 14 ಮಂದಿಯ ಹೆಸರುಗಳನ್ನು ನಮ್ಮ ಇತಿಹಾಸಕಾರರು ಒಂದೂ ಬಿಡದೆ ಬರೆದಿಟ್ಟರು. ಅವರಲ್ಲಿ ಸರದಾರರೂ ಇದ್ದರು, ಹೆಸರಿಲ್ಲದ ಮನೆಯ ಯುವಕರೂ ಇದ್ದರು. ಸುಲ್ತಾನನ ಗೋರಿಗೆ ಗುಮ್ಮಟ, ಸಿಪಾಯಿಗೆ ಮಣ್ಣು ಎಂಬ ಲೆಕ್ಕ ಆ ಪರಂಪರೆಯದ್ದಲ್ಲ.

ಬ್ರಿಟಿಷರ ಸ್ತಂಭವನ್ನು ಕಿತ್ತೊಗೆಯಿರಿ ಎಂಬ ಕೂಗಿಗೂ ನಮ್ಮ ಸಹಮತವಿಲ್ಲ. ಬೆಂಗಳೂರಿನಲ್ಲಿ ಹಾಗೆಯೇ ಆಯಿತು. 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಸೈನಿಕರ ಸೆನೊಟಾಫ್ ಒಂದು ಹಡ್ಸನ್ ವೃತ್ತದ ಬಳಿಯಿತ್ತು. 1964ರಲ್ಲಿ ಅದನ್ನು ಕೆಡವಲಾಯಿತು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ನೃಪತುಂಗನ ಹೆಸರು ಬಂದುದು ಸಂತೋಷವೇ. ಆದರೆ ಕಲ್ಲು ಹೋದುದರ ಜೊತೆಗೆ, ಬೆಂಗಳೂರಿನ ನೆಲದಲ್ಲಿ ಅಂಥದೊಂದು ಯುದ್ಧ ನಡೆದಿತ್ತೆಂಬ ನೆನಪೂ ಹೋಯಿತು. ಕಿಲ್ಲೇದಾರನ ನೆನಪೂ ಅದರೊಡನೆ ಮಸುಕಾಯಿತು. ಉಳಿಸುವ ಮನಸ್ಸಿದ್ದರೆ ದಾರಿಯಿದೆ. ರೈಲು ಮಾರ್ಗದ ವಿಸ್ತರಣೆಗೆ ಅಡ್ಡಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರಾರು ಅಡಿ ದೂರಕ್ಕೆ ಸರಿಸಿದ್ದು ಇದೇ ಶ್ರೀರಂಗಪಟ್ಟಣದಲ್ಲಿ.

2015ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು, 2019ರಲ್ಲಿ ಬಂದ ಬೇರೊಂದು ಸರಕಾರ ಅದನ್ನು ರದ್ದುಗೊಳಿಸಿತು. ಈ ನಡುವೆ ಕೊಡಗಿನಲ್ಲಿ ಜೀವ ಹೋಯಿತು. ಓಟು ಯಾರಿಗೆ ಬಂತೋ, ಒಂದು ಗೋರಿಯ ಹೆಸರಾದರೂ ಓದಲ್ಪಟ್ಟಿತೇ? ಸುಲ್ತಾನರನ್ನು ಸಂತರೆಂದು ಒಪ್ಪಿಸುವ ಹಠ ನಮಗೆ ಬೇಡ. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ಇದೇ ಪಟ್ಟಣಕ್ಕೆ ತಂದ ಕ್ರೈಸ್ತರಲ್ಲಿ ಮರಳಿ ಊರು ಕಾಣದವರು ಬಹಳ. ಅವರ ವಂಶಸ್ಥರು ನಮ್ಮ ನೆರೆಮನೆಯವರು. ಅವರಿಗೂ ಈ ಊರಿನಲ್ಲಿ ಕಲ್ಲಿಲ್ಲ. ಆ ನೋವನ್ನು ಅಲ್ಲಗಳೆದು ನಮ್ಮ ನೋವನ್ನು ಹೇಳಿಕೊಂಡರೆ ಕೇಳುವವರು ಯಾರು? ಅರಸನ ಗುಣದೋಷಗಳ ತೀರ್ಪು ಇತಿಹಾಸಕಾರರಿಗಿರಲಿ. ಕೋಟೆಯ ಬಾಗಿಲಲ್ಲಿ ಸತ್ತ ಸಿಪಾಯಿ ಯಾರ ರಾಜಕೀಯಕ್ಕೂ ಸೇರಿದವನಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. 1907ರ ಸ್ತಂಭ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಇದ್ದ ಹಾಗೆಯೇ ಇರಲಿ. ಅದರ ಪಕ್ಕದಲ್ಲಿ, ಆ ದಿನ ಎರಡೂ ಕಡೆ ಸತ್ತ ಈ ನೆಲದ ಮಕ್ಕಳ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕವೊಂದು ಬರಲಿ. ಸರಕಾರವನ್ನು ಕಾಯದೆ ನಾವೇ ಮಾಡಬಹುದಾದುದೂ ಇದೆ. ಮೀರ್ ಹುಸೇನ್ ಅಲಿ ಕಿರ್ಮಾನಿಯ ಪಾರ್ಸಿ ಇತಿಹಾಸವನ್ನು, ಕಂಪೆನಿಯ ಸೇನಾ ದಾಖಲೆಗಳನ್ನು ಶೋಧಿಸಿದರೆ ಮಡಿದವರ ಕೆಲವು ಹೆಸರುಗಳಾದರೂ ಸಿಗುತ್ತವೆ. ಒಂದು ವರ್ಷದ ಉರೂಸ್‌ನ ಚಾದರ, ಹೂವು, ದೀಪಾಲಂಕಾರಕ್ಕೆ ಸಂದಾಯವಾಗುವ ಹಣದಲ್ಲಿ ಪಾರ್ಸಿ ಬಲ್ಲ ಒಬ್ಬ ಸಂಶೋಧಕನನ್ನು ಈ ಕೆಲಸಕ್ಕೆ ಕೂರಿಸಬಹುದು. ಮುಂದಿನ ಮೇ 4ರಂದು ಗುಂಬಜ್‌ಗೆ ಹೋಗುವ ಯುವಕರು ಜಗಲಿಯ ಮೇಲಿನ ಗೋರಿಗಳ ಬರಹಗಳನ್ನು ಒಂದೊಂದಾಗಿ ನಕಲು ಮಾಡಿಕೊಂಡು ಬರಲಿ. ಕೆಲಸವನ್ನು ಅಲ್ಲಿಂದ ಆರಂಭಿಸಬಹುದು.