ಮಿಕ್ಕಿ ಮೌಸ್ ಸಹಿ ಅಸಲಿನಾ?

ಅನಹೈಮ್‌ನ ಡಿಸ್ನಿಲ್ಯಾಂಡ್‌ಗೆ ಎಲ್ಲರೂ ರೈಡ್‌ಗೆ ಹೋಗ್ತಾರೆ; ಅಕ್ಕನ ಮಗಳು ಹೊರಟಿದ್ದು ತನಿಖೆಗೆ. ಮಿಕ್ಕಿ ಮೌಸ್ ವೇಷದೊಳಗೆ ಬೇರೆ ಬೇರೆಯವರು ಇರ್ತಾರಂತೆ, ಕ್ಲಾಸಿನಲ್ಲಿ ಯಾರೋ ಹೇಳಿದ್ದಾರೆ. ಬ್ಯಾಗಲ್ಲಿ ಹೋದ ವರ್ಷದ ಆಟೋಗ್ರಾಫ್ ಪುಸ್ತಕ, ಜೊತೆಗೆ 2023ರಲ್ಲಿ ಶುರುವಾದ ಡಿಸ್ನಿ ಲೋರ್ಕಾನಾ ಕಾರ್ಡುಗಳು.

ಕಾರ್ಡಿಗೆ ಸಹಿ ಹಾಕಿಸೋದು ಸುಲಭ ಅಲ್ಲ ಕಣ್ರೀ. ಕಾರ್ಡು ಅಂಗೈಗಿಂತ ಚಿಕ್ಕದು, ಮಿಕ್ಕಿಯ ನಾಲ್ಕು ಬೆರಳಿನ ಕೈಗವಸು ದೊಡ್ಡದು. ದಪ್ಪ ಪರ್ಮನೆಂಟ್ ಮಾರ್ಕರ್ರೇ ಬೇಕು. ಇಲ್ಲದಿದ್ರೆ ಆ ನುಣುಪಿನ ಮೇಲೆ ಶಾಯಿ ಹರಡುತ್ತೆ.

ಊದಿ ಊದಿ ಒಣಗಿಸಿ, ಹಳೇ ಸಹಿಯ ಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ ಥರ! ಪ್ರತಿ ಪಾತ್ರಕ್ಕೂ ಒಂದು ಸಹಿ, ವೇಷ ಹಾಕೋರೆಲ್ಲ ಅದನ್ನೇ ಕಲೀತಾರೆ ಅಂತ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

"ಅವನೇ!" ಅಂದಳು. ಸಿಂಡರೆಲ್ಲಾ ಕ್ಯೂ ಕಡೆ ಓಡಿದ್ವಿ.